ಒಂದೇ ಯಂತ್ರ, ಎರಡು ಲೆಕ್ಕ

ಬಿತ್ತನೆ ಯಂತ್ರದ ಪೆಟ್ಟಿಗೆಯ ತಳದಲ್ಲಿ ಒಂದು ಉರುಳೆ ಇರುತ್ತದೆ. ಅದರ ಮೈಸುತ್ತ ಸಮಾನ ಅಂತರದಲ್ಲಿ ಗುಳಿಗಳು. ಉರುಳೆ ತಿರುಗಿದಂತೆಲ್ಲ ಒಂದೊಂದು ಗುಳಿಯೂ ಒಂದಿಷ್ಟು ಬೀಜ ಹಿಡಿದು ಸಾಲಿಗೆ ಬಿಡುತ್ತದೆ. ಗುಳಿ ಸವೆದರೆ ಹೊಸ ಉರುಳೆ ಬೇಕು. ರಾಗಿಗೆಂದು ಮಾಡಿದ ಉರುಳೆಯಲ್ಲಿ ಅಲಸಂದೆ ಬಿತ್ತಲಾಗದು, ಅದಕ್ಕೆ ಗುಳಿಯ ಅಳತೆಯೇ ಬೇರೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಈ ನೈಲಾನ್ ತುಂಡಿಗಾಗಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ರೈತ ಮೈಸೂರಿಗೋ ಬೆಂಗಳೂರಿಗೋ ಅಲೆಯಬೇಕಾಗಿಲ್ಲ. ಊರಿನಲ್ಲೇ ಕಂಪ್ಯೂಟರಿನ ಸಂಖ್ಯೆಗಳಿಂದ ನಡೆಯುವ ಒಂದು ಪುಟ್ಟ ಸಿಎನ್‌ಸಿ ಮಿಲ್ಲಿಂಗ್ ಯಂತ್ರ, ಅದಕ್ಕೆ ಬೇಕಾದಾಗ ಕೂರಿಸಿ ಬೇಡವಾದಾಗ ತೆಗೆದಿಡುವ ಒಂದು ತಿರುಗು ಅಕ್ಷ ಇದ್ದರೆ ಸಾಕು, ಉರುಳೆ ಅಲ್ಲೇ ತಯಾರಾಗುತ್ತದೆ.

ಮರ, ನೈಲಾನ್, ಹಿತ್ತಾಳೆ, ಅಲ್ಯೂಮಿನಿಯಂ ಕಡೆಯುವ ಇಂಥ ಹವ್ಯಾಸಿ ಯಂತ್ರಗಳು ಈಗ ಮನೆಯ ಪಡಸಾಲೆಗೂ ಬಂದಿವೆ. ಐಟಿಐ ಮುಗಿಸಿದ ಹುಡುಗರು ಕೊಳ್ಳುತ್ತಾರೆ, ಎಂಜಿನಿಯರಿಂಗ್ ಓದುವವರು ಬಿಡಿಭಾಗ ತರಿಸಿ ತಾವೇ ಕಟ್ಟುತ್ತಾರೆ. ತಿರುಗು ಅಕ್ಷವನ್ನು ಆಮೇಲೆ ಸೇರಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ಕನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿಯುವುದು ಯಾರಿಗೂ ಕಷ್ಟವಲ್ಲ. ಆ ಅಕ್ಷ ಈಗ ಇದೆಯೋ ಇಲ್ಲವೋ ಎಂಬುದನ್ನು ಯಂತ್ರದ ಕಂಟ್ರೋಲರ್‌ಗೆ ತಿಳಿಸುವುದು ಕಷ್ಟ. ಯಂತ್ರಕ್ಕೆ ಕಣ್ಣಿಲ್ಲ. ನಾವು ಬರೆದುಕೊಟ್ಟ ಸಂಖ್ಯೆಗಳೇ ಅದರ ಪ್ರಪಂಚ. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ: ತಿರುಗು ಅಕ್ಷ ಇರುವ ಯಂತ್ರ ಬೇರೆ, ಇಲ್ಲದ ಯಂತ್ರ ಬೇರೆ. ಎರಡಕ್ಕೂ ಬೇರೆ ಬೇರೆ ಸಂರಚನಾ ಫೈಲ್ ಇರಲೇಬೇಕು.

ವಿಷಯ ಹೊಸದೆನಿಸಿದರೂ ಈ ನೆಲಕ್ಕೆ ಹೊಸದಲ್ಲ. ಮೈಸೂರು ರಸ್ತೆಯಲ್ಲಿ ಮದ್ದೂರು ದಾಟಿ ಬೆಂಗಳೂರಿನ ಕಡೆಗೆ ಸಿಗುವ ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ತಿರುಗಿಸುತ್ತಲೇ ಉಳಿಯಿಂದ ರೂಪ ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಹಚ್ಚುತ್ತಾರೆ. ಇತ್ತ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೆಯ ಶತಮಾನದಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯದ ಬಳಪದ ಕಲ್ಲಿನ ಕಂಬಗಳಿವೆ. ಅವುಗಳ ನುಣುಪಾದ ಬಳೆಗಳನ್ನು ಲೇತಿನಂಥ ತಿರುಗು ಸಾಧನದಲ್ಲಿ ಕಡೆದರೆಂಬುದು ವಿದ್ವಾಂಸರ ಅಭಿಪ್ರಾಯ. ಅದೇ ಗುಡಿಯ ನಕ್ಷತ್ರಾಕಾರದ ಗರ್ಭಗೃಹಗಳಿಗೆ 16 ಮೂಲೆಗಳು. ವೃತ್ತವೊಂದನ್ನು 16 ಸಮಭಾಗ ಮಾಡಿದ ಆ ಶಿಲ್ಪಿಗಳ ಪ್ರಶ್ನೆಯೇ ಇಂದು ತಿರುಗು ಅಕ್ಷದ ಮುಂದಿರುವ ಪ್ರಶ್ನೆ: ಎಷ್ಟು ಡಿಗ್ರಿ ತಿರುಗಿ ನಿಲ್ಲಬೇಕು? ಲೇತು ಬರಿದೆ ತಿರುಗುತ್ತದೆ, ತಿರುಗು ಅಕ್ಷ ಎಣಿಸಿ ತಿರುಗುತ್ತದೆ. ಗುಂಡಗಿನ ವಸ್ತುವಿನ ಮೇಲೆ ಹಲ್ಲು, ಗುಳಿ, ಚಪ್ಪಟೆ ಮುಖ, ತಿರುಚು ಗೆರೆ ಬರುವುದು ಈ ಎಣಿಕೆಯಿಂದ.

ಯಂತ್ರಶಾಲೆಗಳಲ್ಲಿ ಈ ಎಣಿಕೆಯನ್ನು ಕೈಯಿಂದಲೇ ಮಾಡುತ್ತಿದ್ದರು. ಡಿವೈಡಿಂಗ್ ಹೆಡ್ ಎಂಬ ಸಾಧನದ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಕೆಲಸದ ತುಂಡು ಒಂದು ಸುತ್ತು ತಿರುಗುತ್ತದೆ. 16 ಭಾಗ ಬೇಕಾದರೆ ಪ್ರತಿ ಭಾಗಕ್ಕೆ ಎರಡೂವರೆ ಸುತ್ತು. ಏಳು ಭಾಗವಾದರೆ ಐದು ಸುತ್ತಿನ ಮೇಲೆ, 21 ತೂತುಗಳ ತಟ್ಟೆಯಲ್ಲಿ ಇನ್ನೂ 15 ತೂತು. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಸಂಖ್ಯೆಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆಯಿತು. ಮರುವರ್ಷ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಅಂದು ದೊಡ್ಡ ಸಂಸ್ಥೆಗಳ ಕೈಗಷ್ಟೇ ಎಟುಕುತ್ತಿದ್ದ ಆ ವಿದ್ಯೆ ಈಗ ಉಚಿತ ತಂತ್ರಾಂಶವಾಗಿ ಎಲ್ಲರ ಕೈಗೆ ಬಂದಿದೆ. ಒಂದು, ಆರ್ಡುಯಿನೊ ಎಂಬ ಪುಟ್ಟ ಬೋರ್ಡಿನಲ್ಲಿ ಓಡುವ ಜಿಆರ್‌ಬಿಎಲ್. ಇನ್ನೊಂದು, ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯ ಕೆಲಸದಿಂದ ಬೆಳೆದು ಹಳೆಯ ಕಂಪ್ಯೂಟರಿನಲ್ಲೂ ಓಡುವ ಲಿನಕ್ಸ್‌ಸಿಎನ್‌ಸಿ.

ಸಂರಚನಾ ಫೈಲ್ ಬರೆಯಲು ಮೂರು ಸಂಗತಿ ತಿಳಿದಿರಬೇಕು. ಮೊದಲನೆಯದು ಅಕ್ಷಗಳ ಹೆಸರು. ಮೇಜಿನ ಉದ್ದಕ್ಕೆ ಎಕ್ಸ್, ಅಡ್ಡಕ್ಕೆ ವೈ, ಮೇಲೆ ಕೆಳಗೆ ಜೆಡ್. ಎಕ್ಸ್ ಸುತ್ತ ತಿರುಗುವುದು ಎ, ವೈ ಸುತ್ತ ತಿರುಗುವುದು ಬಿ, ಜೆಡ್ ಸುತ್ತ ತಿರುಗುವುದು ಸಿ. ಹವ್ಯಾಸಿ ಯಂತ್ರಗಳಲ್ಲಿ ಚಕ್ಕನ್ನು ಸಾಮಾನ್ಯವಾಗಿ ಮೇಜಿನ ಉದ್ದಕ್ಕೆ ಮಲಗಿಸುವುದರಿಂದ ಅದು ಎ ಅಕ್ಷ.

ಎರಡನೆಯದು ಹೆಜ್ಜೆಗಳ ಲೆಕ್ಕ. ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಅದನ್ನು ನಡೆಸುವ ಡ್ರೈವರಿನಲ್ಲಿ ಪ್ರತಿ ಹೆಜ್ಜೆಯನ್ನು ಎಂಟು ಪಾಲು ಮಾಡಿದರೆ 1600. ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂ ಇದ್ದರೆ ಒಂದು ಮಿ.ಮೀ.ಗೆ 320 ಹೆಜ್ಜೆ. ನೇರ ಅಕ್ಷದ ಲೆಕ್ಕ ಅಷ್ಟೇ. ತಿರುಗು ಅಕ್ಷದಲ್ಲಿ ಮಿ.ಮೀ. ಇಲ್ಲ, ಡಿಗ್ರಿ ಇದೆ. ಮೋಟಾರು ಆರು ಸುತ್ತು ತಿರುಗಿದಾಗ ಚಕ್ ಒಂದು ಸುತ್ತು ತಿರುಗುವ ಬೆಲ್ಟ್ ಜೋಡಣೆಯಾದರೆ ಚಕ್ಕಿನ ಒಂದು ಸುತ್ತಿಗೆ 9600 ಹೆಜ್ಜೆ. 360ರಿಂದ ಭಾಗಿಸಿದರೆ ಡಿಗ್ರಿಗೆ 26.66667 ಹೆಜ್ಜೆ.

ಇಲ್ಲಿ ದಶಮಾಂಶವನ್ನು ಮೊಟಕು ಮಾಡಬಾರದು. 26.67 ಎಂದು ಬರೆದರೆ ಒಂದು ಸುತ್ತಿಗೆ 1.2 ಹೆಜ್ಜೆ ಹೆಚ್ಚಾಗುತ್ತದೆ. ಒಂದು ಸುತ್ತಿನ ಕೆಲಸದಲ್ಲಿ ಅದು ಕಾಣುವುದಿಲ್ಲ. ಆದರೆ ಕೋಲಿನ ಮೇಲೆ 50 ಸುತ್ತಿನ ತಿರುಚು ಗೆರೆ ಕೊರೆಯುವಾಗ ಕೊನೆಯ ಹೊತ್ತಿಗೆ 60 ಹೆಜ್ಜೆ, ಅಂದರೆ 2.25 ಡಿಗ್ರಿ ತಪ್ಪಿರುತ್ತದೆ. 40 ಮಿ.ಮೀ. ದಪ್ಪದ ಕೋಲಿನ ಮೈಮೇಲೆ ಅದು ಮುಕ್ಕಾಲು ಮಿ.ಮೀ.ಗೂ ಹೆಚ್ಚು. ಭಾಗ ಮಾಡುವಾಗಲೂ ಇದೇ ಎಚ್ಚರ ಬೇಕು. ಏಳು ಭಾಗಕ್ಕೆ 51.4 ಡಿಗ್ರಿಯಂತೆ ಏಳು ಸಲ ಕೂಡುತ್ತ ಹೋದರೆ 359.8 ಆಗುತ್ತದೆ, ಕೊನೆಯ ಹಲ್ಲು ಮೊದಲಿನದಕ್ಕೆ ಕೂಡುವುದಿಲ್ಲ. ಹಿಂದಿನ ಸ್ಥಾನದಿಂದ ಇಷ್ಟು ಎನ್ನದೆ ಸೊನ್ನೆಯಿಂದ ಇಷ್ಟು ಎಂದು ಪ್ರತಿ ಕೋನವನ್ನೂ ಪೂರ್ಣ ದಶಮಾಂಶದೊಡನೆ ಬರೆಯಬೇಕು. ಆಗ ತಪ್ಪು ಒಂದರ ಮೇಲೊಂದು ಪೇರುವುದಿಲ್ಲ.

ಮೂರನೆಯದು ವೇಗ. ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಪ್ರೋಗ್ರಾಂನಲ್ಲಿ ವೇಗ ಹೇಳುವ ಅಕ್ಷರ ಎಫ್. ನೇರ ಅಕ್ಷಕ್ಕೆ ಎಫ್ 400 ಎಂದರೆ ನಿಮಿಷಕ್ಕೆ 400 ಮಿ.ಮೀ. ಎ ಅಕ್ಷ ಒಂದೇ ತಿರುಗುವಾಗ ಅದೇ ಎಫ್ 400 ಎಂದರೆ ನಿಮಿಷಕ್ಕೆ 400 ಡಿಗ್ರಿ. 40 ಮಿ.ಮೀ. ದಪ್ಪದ ಕೋಲಿನ ಸುತ್ತಳತೆ 125.66 ಮಿ.ಮೀ. ಆದ್ದರಿಂದ ಟೂಲ್ ಅದರ ಮೈಮೇಲೆ ನಿಮಿಷಕ್ಕೆ 140 ಮಿ.ಮೀ. ಮಾತ್ರ ಸಾಗುತ್ತದೆ. ಮರವಾದರೆ ಸುಟ್ಟು ಕಪ್ಪಾಗುತ್ತದೆ, ನೈಲಾನಾದರೆ ಕರಗಿ ಟೂಲಿಗೆ ಮೆತ್ತಿಕೊಳ್ಳುತ್ತದೆ. ಮೈಮೇಲೆ ನಿಜಕ್ಕೂ 400 ಮಿ.ಮೀ. ವೇಗ ಬೇಕಾದರೆ ನಿಮಿಷಕ್ಕೆ 1146 ಡಿಗ್ರಿ ಕೊಡಬೇಕು. ಕೋಲು 10 ಮಿ.ಮೀ.ಗೆ ಇಳಿದರೆ ಅದು 4584 ಡಿಗ್ರಿಗೆ ಏರುತ್ತದೆ.

ಎಕ್ಸ್ ಮತ್ತು ಎ ಒಟ್ಟಿಗೆ ಚಲಿಸಿದರೆ ಇನ್ನೂ ಗೋಜಲು. ಎಕ್ಸ್ 10 ಮಿ.ಮೀ. ಸರಿಯಬೇಕು, ಅಷ್ಟರಲ್ಲಿ ಎ 90 ಡಿಗ್ರಿ ತಿರುಗಬೇಕು ಎನ್ನಿ. 40 ಮಿ.ಮೀ. ಕೋಲಿನ ಮೈಮೇಲೆ ಟೂಲ್ ನಡೆಯುವ ನಿಜವಾದ ದಾರಿ ಸುಮಾರು 33 ಮಿ.ಮೀ. ನಿಮಿಷಕ್ಕೆ 400ರ ವೇಗದಲ್ಲಿ ಅದು 4.9 ಸೆಕೆಂಡಿನ ಕೆಲಸ. ಆದರೆ ಡಿಗ್ರಿಯನ್ನೂ ಮಿ.ಮೀ. ಎಂದೇ ಎಣಿಸುವ ಜಿಆರ್‌ಬಿಎಲ್ ಮಾದರಿಯ ಕಂಟ್ರೋಲರ್ ಇದಕ್ಕೆ 13.6 ಸೆಕೆಂಡ್ ತೆಗೆದುಕೊಳ್ಳುತ್ತದೆ. ನೇರ ಅಕ್ಷದ ದೂರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಲಿನಕ್ಸ್‌ಸಿಎನ್‌ಸಿ 1.5 ಸೆಕೆಂಡಿನಲ್ಲಿ ಮುಗಿಸಲು ಹೊರಡುತ್ತದೆ. ಒಂದೇ ಸಾಲು ಒಂದು ಕಡೆ ಸುಮಾರು ಮೂರು ಪಟ್ಟು ನಿಧಾನ, ಇನ್ನೊಂದು ಕಡೆ ಮೂರು ಪಟ್ಟು ಜೋರು. ಜೋರಾದ ಕಡೆ ಟೂಲ್ ಮುರಿಯುತ್ತದೆ. ಇದಕ್ಕೆ ಪರಿಹಾರ ಜಿ93 ಎಂಬ ಆದೇಶ. ಅದರಲ್ಲಿ ಎಫ್ ಎಂದರೆ ದೂರವಲ್ಲ, ಆ ಚಲನೆ ಒಂದು ನಿಮಿಷದಲ್ಲಿ ಎಷ್ಟು ಸಲ ಮುಗಿಯಬಹುದು ಎಂಬ ಸಂಖ್ಯೆ. ನಮ್ಮ ಉದಾಹರಣೆಗೆ ಅದು 12.1. ಟೂಲಿನ ದಾರಿ ತಯಾರಿಸುವ ಕ್ಯಾಮ್ ತಂತ್ರಾಂಶದಲ್ಲಿ, ಆ ದಾರಿಯನ್ನು ಯಂತ್ರದ ಆದೇಶಗಳಾಗಿ ಬರೆಯುವ ನಾಲ್ಕು ಅಕ್ಷಗಳ ಪೋಸ್ಟ್ ಪ್ರೊಸೆಸರಿನಲ್ಲಿ ಈ ಆಯ್ಕೆ ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಮೂರೇ ಅಕ್ಷದ ಕಂಟ್ರೋಲರ್ ಇರುವವರಿಗೂ ದಾರಿಯಿದೆ. ಆರ್ಡುಯಿನೊದ ಜಿಆರ್‌ಬಿಎಲ್ ಮೂರು ಅಕ್ಷಗಳಿಗೆ ಮಾಡಿದ್ದು. ಅಲ್ಲಿ ವೈ ಮೋಟಾರಿನ ತಂತಿ ಬಿಚ್ಚಿ ತಿರುಗು ಅಕ್ಷದ ಮೋಟಾರಿಗೆ ಕೊಡುತ್ತಾರೆ. ಲಟ್ಟಣಿಗೆಗೆ ಕಾಗದ ಸುತ್ತಿದಂತೆ ಚಪ್ಪಟೆ ಚಿತ್ರವನ್ನು ಕೋಲಿನ ಮೈಗೆ ಸುತ್ತುವ ವಿಧಾನ ಇದು. ಚಿತ್ರದ ಅಗಲ ಸುತ್ತಳತೆಯಷ್ಟೇ, ಅಂದರೆ 125.66 ಮಿ.ಮೀ. ಇರಬೇಕು. ವೈ ಅಕ್ಷದ ಹೆಜ್ಜೆ ಹೇಳುವ $101ರಲ್ಲಿ 9600ನ್ನು ಸುತ್ತಳತೆಯಿಂದ ಭಾಗಿಸಿದ 76.394 ಎಂಬ ಸಂಖ್ಯೆ ಬರೆಯಬೇಕು. ಮೈಮೇಲಿನ ವೇಗ ತಾನಾಗಿಯೇ ಸರಿಹೋಗುತ್ತದೆ. ಕೋಲಿನ ದಪ್ಪ ಬದಲಾದರೆ ಈ ಸಂಖ್ಯೆಯೂ ಬದಲಾಗಬೇಕು.

ಈ ವಿಧಾನದಲ್ಲಿ ಜೊತೆಗೆ ಬದಲಿಸಬೇಕಾದವು ಇನ್ನೂ ಇವೆ. ಹೋಮಿಂಗ್ ಆದೇಶ ಕೊಟ್ಟರೆ ಯಂತ್ರ ವೈ ಸ್ವಿಚ್ಚನ್ನು ಹುಡುಕುತ್ತ ಚಕ್ಕನ್ನು ತಿರುಗಿಸುತ್ತದೆ, ಸ್ವಿಚ್ ಸಿಗದೆ ಅಲಾರಂ ಹೊಡೆದು ನಿಲ್ಲುತ್ತದೆ. ಆದ್ದರಿಂದ $22 ಸೊನ್ನೆಯಾಗಬೇಕು. ಎಲ್ಲೆಯನ್ನು ಲೆಕ್ಕದಲ್ಲೇ ಕಾಯುವ $20 ಕೂಡ ಸೊನ್ನೆಯಾಗಬೇಕು. ತಿರುಗುವುದಕ್ಕೆ ಎಲ್ಲೆಯೆಲ್ಲಿ? $1ರ ಬೆಲೆಯನ್ನು 255ಕ್ಕೆ ಏರಿಸಬೇಕು. ಇಲ್ಲದಿದ್ದರೆ ಚಲನೆ ನಿಂತ ಕ್ಷಣಾರ್ಧದಲ್ಲಿ ಕಂಟ್ರೋಲರ್ ಮೋಟಾರಿನ ಹಿಡಿತ ಸಡಿಲಿಸುತ್ತದೆ. ಗುಳಿ ಕೊರೆಯಲು ಟೂಲ್ ಇಳಿದಾಗ ಉರುಳೆ ಜಾರಿ ಕೋನ ತಪ್ಪುತ್ತದೆ. ಮೋಟಾರಿಲ್ಲದ ವೈ ಮೇಜು ಅಲುಗದಂತೆ ಅದನ್ನು ಚಕ್ಕಿನ ಮಧ್ಯರೇಖೆಗೆ ತಂದು ಬಿಗಿದಿಡಬೇಕು. ಇಷ್ಟನ್ನೂ ನೆನಪಿನಿಂದ ಬದಲಿಸಿ ಮತ್ತೆ ನೆನಪಿನಿಂದ ಹಿಂದಕ್ಕೆ ತರುತ್ತೇನೆ ಎನ್ನುವವನು ಒಂದು ದಿನ ಒಂದನ್ನು ಮರೆತೇ ಮರೆಯುತ್ತಾನೆ. ಎರಡು ಪಠ್ಯ ಫೈಲ್ ಮಾಡಿ, ಒಂದಕ್ಕೆ ‘ಮೇಜು’ ಎಂದೂ ಇನ್ನೊಂದಕ್ಕೆ ‘ಉರುಳೆ’ ಎಂದೂ ಹೆಸರಿಟ್ಟು, ಬೇಕಾದ್ದನ್ನು ಪೂರ್ತಿಯಾಗಿ ಯಂತ್ರಕ್ಕೆ ಕಳಿಸಬೇಕು.

ನಾಲ್ಕು ಅಕ್ಷದ ಕಂಟ್ರೋಲರಿನಲ್ಲೂ ಇದೇ ನಿಯಮ. ಲಿನಕ್ಸ್‌ಸಿಎನ್‌ಸಿ ತೆರೆದಾಗಲೇ ಯಾವ ಸಂರಚನೆ ಬೇಕೆಂದು ಆರಿಸಿಕೊಳ್ಳಬಹುದು. ಒಂದು ಫೈಲಿನಲ್ಲಿ ಮೂರೇ ಅಕ್ಷ, ಇನ್ನೊಂದರಲ್ಲಿ ನಾಲ್ಕು. ನಾಲ್ಕನೆಯದು ನೇರವಲ್ಲ, ಕೋನೀಯ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಚಕ್ಕಿಗೆ ಹೋಮ್ ಸ್ವಿಚ್ ಇಲ್ಲದಿದ್ದರೆ ಹುಡುಕುವ ವೇಗವನ್ನು ಸೊನ್ನೆ ಮಾಡಬೇಕು. ಆಗ ಅದು ಹುಡುಕಲು ಹೋಗದೆ ನಿಂತ ಜಾಗವನ್ನೇ ಸೊನ್ನೆ ಎಂದು ಒಪ್ಪುತ್ತದೆ. ಇಎಸ್‌ಪಿ32 ಬೋರ್ಡಿನಲ್ಲಿ ಓಡುವ ಫ್ಲೂಯಿಡ್‌ಎನ್‌ಸಿಯಲ್ಲೂ ಹಲವು ಸಂರಚನಾ ಫೈಲುಗಳನ್ನಿಟ್ಟು ಒಂದನ್ನು ಆರಿಸುವ ಅನುಕೂಲವಿದೆ.

ಫೈಲುಗಳು ಬೇರೆಯಿರಲಿ ಎಂದು ಇಷ್ಟು ಒತ್ತಿ ಹೇಳಲು ಕಾರಣ ಜೆಡ್ ಸೊನ್ನೆ. ಮೇಜಿನ ಕೆಲಸದಲ್ಲಿ ಹಲಗೆಯ ಮೇಲ್ಮೈಯೇ ಸೊನ್ನೆ. ಮೂರು ಮಿ.ಮೀ. ಕೊರೆಯಬೇಕಾದರೆ ಜೆಡ್ ಮೈನಸ್ 3. ತಿರುಗು ಕೆಲಸದಲ್ಲಿ ಕೋಲಿನ ನಡುಗೆರೆ ಸೊನ್ನೆ. 40 ಮಿ.ಮೀ. ಕೋಲಿನ ಮೈ ಪ್ಲಸ್ 20ರಲ್ಲಿರುತ್ತದೆ. ಚಕ್ ಕೂತಿರುವಾಗ ಅಪ್ಪಿತಪ್ಪಿ ಮೇಜಿನ ಪ್ರೋಗ್ರಾಂ ಓಡಿಸಿದರೆ ಟೂಲ್ ಮೈಯಿಂದ 23 ಮಿ.ಮೀ. ಒಳಕ್ಕೆ ನುಗ್ಗಲು ಹೋಗುತ್ತದೆ. ಟೂಲ್ ಮುರಿಯುತ್ತದೆ, ಕೋಲು ಚಕ್ಕಿನಿಂದ ಕಿತ್ತು ಹಾರಬಹುದು. ಮೇಜಿನ ಕೆಲಸಕ್ಕೆ ಜಿ54, ಉರುಳೆಯ ಕೆಲಸಕ್ಕೆ ಜಿ55 ಎಂದು ಸೊನ್ನೆಗಳನ್ನು ಬೇರೆ ಮಾಡಿಟ್ಟುಕೊಂಡು, ಪ್ರತಿ ಪ್ರೋಗ್ರಾಂನ ಮೊದಲ ಸಾಲಿನಲ್ಲೇ ಅದನ್ನು ಬರೆದರೆ ಒಂದರ ಸೊನ್ನೆ ಇನ್ನೊಂದಕ್ಕೆ ಬೆರೆಯುವುದು ತಪ್ಪುತ್ತದೆ.

ಆ ನಡುಗೆರೆಯನ್ನು ಕಂಡುಹಿಡಿಯುವ ಕ್ರಮವೂ ಹಾಗೆಯೇ ಖಚಿತವಾಗಿರಬೇಕು. ಚಕ್ಕಿಗೆ ನೇರವಾದ, 40 ಮಿ.ಮೀ.ನ ಅರೆದ ಉಕ್ಕಿನ ಸರಳು ಹಿಡಿಸಿ. ಸ್ಪಿಂಡಲಿಗೆ ಡಯಲ್ ಗೇಜ್ ಕಟ್ಟಿ ಎಕ್ಸ್ ದಿಕ್ಕಿನಲ್ಲಿ ಸರಳಿನ ಪಕ್ಕದಲ್ಲಿ ಸಾಗಿಸಿ. ಮುಳ್ಳು ಅಲುಗದಂತಾಗುವ ತನಕ ಚಕ್ಕಿನ ಪಾದವನ್ನು ತಿದ್ದಿ. ಆಮೇಲೆ ಸರಳಿನ ನೆತ್ತಿಯ ಮೇಲೂ ಹಾಗೇ ಸಾಗಿಸಿ, ಏರುಪೇರಿದ್ದರೆ ಪಾದದಡಿ ತೆಳು ತಗಡು ಕೊಡಿ. ನಂತರ 6 ಮಿ.ಮೀ. ಗುಂಡು ಪಿನ್ನನ್ನು ಸರಳಿನ ಎರಡೂ ಪಕ್ಕಕ್ಕೆ ಮುಟ್ಟಿಸಿ. ಒಂದು ಕಡೆ ವೈ 42.30, ಇನ್ನೊಂದು ಕಡೆ 88.30 ತೋರಿಸಿದರೆ ಮಧ್ಯರೇಖೆ 65.30. ಎರಡರ ವ್ಯತ್ಯಾಸ 46, ಅಂದರೆ ಸರಳಿನ 40 ಮತ್ತು ಪಿನ್ನಿನ 6. ಲೆಕ್ಕ ಕೂಡಿದರೆ ಅಳತೆ ಸರಿ. ಕೊನೆಗೆ ಸರಳಿನ ನೆತ್ತಿಗೆ ಮುಟ್ಟಿಸಿ ಜೆಡ್ 20 ಎಂದು ಬರೆಯಿರಿ.

ಕೊಳ್ಳುವ ಮೊದಲೇ ಎತ್ತರವನ್ನೂ ಅಳೆಯಬೇಕು. ಚಕ್ಕಿನ ನಡುಗೆರೆ ಮೇಜಿನಿಂದ 65 ಮಿ.ಮೀ. ಎತ್ತರದಲ್ಲಿದ್ದರೆ ಅದರ ಮೇಲೆ ಕೋಲಿನ 20, ಅದರ ಮೇಲೆ ಟೂಲಿನ ಉದ್ದ, ಅದರ ಮೇಲೆ ಟೂಲ್ ಎತ್ತಿ ಆಡಿಸಲು ಜಾಗ. ಸಣ್ಣ ಯಂತ್ರಗಳಲ್ಲಿ ಇಷ್ಟು ಎತ್ತರ ಇರುವುದೇ ಇಲ್ಲ. ಚಕ್ಕಿನ ದವಡೆಗಳು ತಿರುಗುವಾಗ ಹೊರಚಾಚುವ ಸುತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿದ್ಯುತ್ತಿನ ಮಾತು ಆಡದೆ ಬೆಳಕವಾಡಿ ಕಡೆಯ ಯಂತ್ರದ ಮಾತು ಮುಗಿಯದು. ಊರಿಗೆ ಹತ್ತಿರದ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಹುಟ್ಟಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಆ ಸಾಹಸವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೂ ಹಳ್ಳಿಗಳಲ್ಲಿ ಕರೆಂಟು ಹೋಗುವುದು ಇವತ್ತಿಗೂ ಇದೆ. ಅರ್ಧ ಕೆಲಸದಲ್ಲಿ ಕರೆಂಟು ಹೋದರೆ ಸ್ಟೆಪ್ಪರ್ ಮೋಟಾರು ತಾನೆಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ನೇರ ಅಕ್ಷಗಳು ಲಿಮಿಟ್ ಸ್ವಿಚ್ಚಿಗೆ ಹೋಗಿ ಮತ್ತೆ ಲೆಕ್ಕ ಹಿಡಿಯುತ್ತವೆ. ಸ್ವಿಚ್ಚಿಲ್ಲದ ತಿರುಗು ಅಕ್ಷಕ್ಕೆ ಹಾಗೆ ಮಾಡಲು ಬರುವುದಿಲ್ಲ. ಚಕ್ಕಿಗೆ ಒಂದು ಹೋಮ್ ಸ್ವಿಚ್ ಕೂರಿಸುವುದು ಉತ್ತಮ. ಅದಾಗದಿದ್ದರೆ ಚಕ್ಕಿನ ಮೇಲೂ ಅದರ ಪೀಠದ ಮೇಲೂ ಸೊನ್ನೆಯ ಗೆರೆ ಕೊರೆದು, ಕೋಲಿನ ಒಂದು ತುದಿಯಲ್ಲಿ ಚಪ್ಪಟೆ ಮುಖವೊಂದನ್ನು ಮೊದಲೇ ಕಡೆದಿಡಬೇಕು. ಕರೆಂಟು ಬಂದ ಮೇಲೆ ಆ ಮುಖದ ಮೇಲೆ ಡಯಲ್ ಗೇಜ್ ಓಡಿಸಿ ಕೋನವನ್ನು ಮತ್ತೆ ಪಡೆಯಬಹುದು.

ಇನ್ನೊಂದು ಎಚ್ಚರಿಕೆ ದುಡ್ಡಿನದು. ತೆಗೆದು ಹಾಕುವ ಅಕ್ಷ ಎಂದಮೇಲೆ ತಂತಿಗೆ ಕನೆಕ್ಟರ್ ಇರುತ್ತದೆ. ಕರೆಂಟು ಇರುವಾಗ ಅದನ್ನು ಎಂದೂ ಕೀಳಬಾರದು, ಚುಚ್ಚಲೂ ಬಾರದು. ಮೋಟಾರಿನ ಸುರುಳಿ ಥಟ್ಟನೆ ಬೇರ್ಪಟ್ಟರೆ ಡ್ರೈವರ್ ಸುಟ್ಟುಹೋಗಬಹುದು. ಮೊದಲು ಮೇನ್ ಸ್ವಿಚ್ ಆರಿಸಿ, ಒಂದು ನಿಮಿಷ ತಾಳಿ, ಆಮೇಲೆ ಕನೆಕ್ಟರ್ ಮುಟ್ಟಿ. ಯಂತ್ರದ ಲೋಹದ ಮೈಗೆ, ಚಕ್ಕಿನ ಪೀಠಕ್ಕೆ ಸರಿಯಾದ ಅರ್ತಿಂಗ್ ಇರಲಿ. ತಿರುಗುವ ಚಕ್ಕಿನ ಹತ್ತಿರ ಕೈಗವಸು, ದುಪ್ಪಟ್ಟಾ, ಸಡಿಲ ತೋಳು ಬೇಡ. ಕಣ್ಣಿಗೆ ಕನ್ನಡಕ ಇರಲೇಬೇಕು.

ಇಷ್ಟೆಲ್ಲ ಸರಿಯಾದ ಮೇಲೆ ಆ ಯಂತ್ರ ಏನು ಮಾಡಬಲ್ಲದು? 12 ಗುಳಿಯ ಬೀಜದ ಉರುಳೆಗೆ 30 ಡಿಗ್ರಿಯಂತೆ ತಿರುಗಿ ಗುಳಿ ಕೊರೆಯುತ್ತದೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2ರ, 24 ಹಲ್ಲಿನ ನೈಲಾನ್ ಗೇರ್ ಬೇಕೆನ್ನಿ. ಹೊರವ್ಯಾಸ 52 ಮಿ.ಮೀ., ಹಲ್ಲಿನ ಆಳ 4.5 ಮಿ.ಮೀ., ಹಲ್ಲಿಗೆ 15 ಡಿಗ್ರಿ. ಸರಿಯಾದ ಗೇರ್ ಕಟರ್ ಇದ್ದರೆ ಅದೂ ಆಗುತ್ತದೆ. ಆಲೆಮನೆಯ ಗಾಣದ ಎರಕದ ಗೇರು ಇಂಥ ಯಂತ್ರದ ಕೆಲಸವಲ್ಲ, ಅದರ ಆಸೆ ಇಟ್ಟುಕೊಳ್ಳಬಾರದು. ಆದರೆ ಸಣ್ಣ ಯಂತ್ರಗಳ ಒಳಗೆ ಸವೆಯುವ ಸಣ್ಣ ಭಾಗಗಳು ಹಳ್ಳಿಯಲ್ಲಿ ಸಾಕಷ್ಟಿವೆ. ಅವುಗಳಿಗಾಗಿ ಇಡೀ ಯಂತ್ರವನ್ನೇ ಮೂಲೆಗೆ ತಳ್ಳುವುದನ್ನು ನಾವು ನೋಡುತ್ತಲೇ ಇದ್ದೇವೆ.

ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ (ಜಿಟಿಟಿಸಿ) ಈಗ ಮದ್ದೂರಿನಲ್ಲೂ ಕೇಂದ್ರವಿದೆ. ಅಲ್ಲಿ ಕಲಿತು ಬರುವ, ತಾಲ್ಲೂಕಿನ ಐಟಿಐಗಳಲ್ಲಿ ಟರ್ನರ್, ಫಿಟ್ಟರ್ ಓದುವ ಮಕ್ಕಳಿಗೆ ಸಿಎನ್‌ಸಿ ಎಂದರೆ ಕಾರ್ಖಾನೆಯ ನೌಕರಿ ಎಂದಷ್ಟೇ ಆಗಬಾರದು. ಊರಿನ ಕೆಲಸಕ್ಕೂ ಅದು ಒದಗಬೇಕು. ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು: ದೊಡ್ಡ ಯಂತ್ರದ ಗುಂಡಿ ಒತ್ತುವುದನ್ನು ಕಲಿಸುವ ಜೊತೆಗೆ, ಒಂದು ಸಣ್ಣ ಯಂತ್ರದ ಸಂರಚನಾ ಫೈಲನ್ನು ಸೊನ್ನೆಯಿಂದ ಬರೆಯುವುದನ್ನೂ ಕಲಿಸಿ. ಡಿಗ್ರಿಗೆ ಎಷ್ಟು ಹೆಜ್ಜೆ ಎಂದು ಸ್ವಂತ ಲೆಕ್ಕ ಮಾಡಿದ ವಿದ್ಯಾರ್ಥಿ ಯಾವ ಕಂಪನಿಯ ಕಂಟ್ರೋಲರ್ ಕಂಡರೂ ಅಂಜುವುದಿಲ್ಲ.

ಯಂತ್ರ ಕೊಳ್ಳಲು ಹೊರಟ ಯುವಕ ಯುವತಿಯರಿಗೂ ಒಂದು ಮಾತು. ತಿರುಗು ಅಕ್ಷವನ್ನು ಮೊದಲ ದಿನವೇ ಕೊಳ್ಳಬೇಡಿ. ಮೂರು ಅಕ್ಷದಲ್ಲಿ ಕೈ ಪಳಗಲಿ, ಅದರ ಸಂಖ್ಯೆಗಳೆಲ್ಲ ಒಂದು ಫೈಲಿನಲ್ಲಿ ಭದ್ರವಾಗಿರಲಿ. ಚಕ್ ತಂದ ದಿನ ಆ ಫೈಲನ್ನು ತಿದ್ದಬೇಡಿ, ಪಕ್ಕದಲ್ಲಿ ಎರಡನೆಯದನ್ನು ಬರೆಯಿರಿ. ಮೊದಲ ಓಟವನ್ನು ಟೂಲ್ ಇಲ್ಲದೆ, ಗಾಳಿಯಲ್ಲಿ ಓಡಿಸಿ. ಚಕ್ 360 ಡಿಗ್ರಿ ತಿರುಗಿ ಸೊನ್ನೆಯ ಗೆರೆಗೇ ಬಂದು ನಿಂತರೆ ಮರದ ತುಂಡು ಹಿಡಿಸಿ. ನಿಲ್ಲದಿದ್ದರೆ ಮತ್ತೆ ಲೆಕ್ಕಕ್ಕೆ ಕೂರಿ.